‘ಸುರಕ್ಷಿತವಾಗಿ ಹೊರಜಿಗಿದರು’ ಎಂಬ ಸಾಲಿನ ಬಗ್ಗೆ

ಸಂಪಾದಕರಿಗೆ,

ಮಾನ್ಯರೇ,

ವಾಯುಪಡೆಯ ವಿಮಾನ ಪತನವಾದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಪೈಲಟ್ ಸುರಕ್ಷಿತವಾಗಿ ಹೊರಜಿಗಿದಿದ್ದಾರೆ’ ಎಂಬ ಸಾಲು ಕಾಣುತ್ತದೆ, ಮತ್ತು ಆ ಮನುಷ್ಯನ ವಿಚಾರ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. 2023ರ ಜೂನ್ 1ರಂದು ನಮ್ಮ ಚಾಮರಾಜನಗರದ ಬಳಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಇಬ್ಬರು, 2024ರ ಮಾರ್ಚ್ 12ರಂದು ಜೈಸಲ್ಮೇರ್ ಬಳಿ ತೇಜಸ್ ಯುದ್ಧವಿಮಾನ ಬಿದ್ದಾಗ ಒಬ್ಬರು, ಪೈಲಟ್‌ನನ್ನು ಕೂತಲ್ಲಿಂದಲೇ ವಿಮಾನದಾಚೆ ಚಿಮ್ಮಿಸುವ ಎಜೆಕ್ಷನ್ ಸೀಟಿನ ನೆರವಿನಿಂದ ಬದುಕಿಕೊಂಡರು. ಅದು ದೊಡ್ಡ ಸಮಾಧಾನದ ಸಂಗತಿಯೇ. ಆದರೆ ವಾಯುಪಡೆಯ ನೆಲದ ಸಿಬ್ಬಂದಿಯಾಗಿ ಬಹಳ ವರ್ಷ ಇಂಥ ಸೀಟುಗಳನ್ನು ನೋಡಿಕೊಂಡು ನಿವೃತ್ತನಾದ ನನಗೆ, ಆ ಸಾಲಿನಲ್ಲಿರುವ ‘ಸುರಕ್ಷಿತ’ ಎಂಬ ಮಾತೂ ‘ಜಿಗಿತ’ ಎಂಬ ಮಾತೂ ಓದುಗರನ್ನು ದಾರಿ ತಪ್ಪಿಸುತ್ತಿವೆ ಎನಿಸುತ್ತದೆ.

ಮೊದಲನೆಯದಾಗಿ, ಅಲ್ಲಿ ಯಾರೂ ಜಿಗಿಯುವುದಿಲ್ಲ. ಸೀಟಿನ ಹಿಡಿ ಎಳೆದೊಡನೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳ ಹಾರಿಹೋಗುತ್ತದೆ ಅಥವಾ ಒಡೆಯುತ್ತದೆ. ಸೀಟಿನ ಬೆನ್ನಿಗಿರುವ ಸಿಡಿಮದ್ದು ಸಿಡಿದು, ಕೂತ ಮನುಷ್ಯನ ಸಮೇತ ಸೀಟನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆ ಅರೆಕ್ಷಣದಲ್ಲಿ ದೇಹದ ತೂಕ ಹದಿನೈದು ಪಟ್ಟು ಹೆಚ್ಚಿತೆಂದರೆ, 70 ಕಿಲೋ ಮನುಷ್ಯ ಒಂದು ಟನ್ನಿನಷ್ಟು ಭಾರವಾಗುತ್ತಾನೆ, ಅದರ ದೊಡ್ಡ ಪಾಲನ್ನು ಬೆನ್ನುಮೂಳೆಯ ಬುಡ ಹೊರಬೇಕಾಗುತ್ತದೆ. ಬೆನ್ನಿನ ಮಣಿಗಳು ನಜ್ಜುಗುಜ್ಜಾಗುವುದು, ಬಿರುಕು ಬಿಡುವುದು ಇಂಥ ಸಂದರ್ಭದಲ್ಲಿ ಸಾಮಾನ್ಯ. ನಾನು ಕೆಲಸ ಮಾಡುತ್ತಿದ್ದ ನೆಲೆಯಲ್ಲಿ ಹೀಗೆ ಬದುಕಿ ಬಂದ ಅಧಿಕಾರಿಯೊಬ್ಬರು ತಿಂಗಳುಗಳ ನಂತರ ನಮ್ಮ ವಿಭಾಗಕ್ಕೆ ಬಂದಿದ್ದರು. ಚಹಾ ತರಿಸಿ ಕುರ್ಚಿ ಎಳೆದರೆ, ಬೇಡವೆಂದು ಗೋಡೆಗೆ ಬೆನ್ನೊರಗಿಸಿ ನಿಂತೇ ಕುಡಿದರು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಅವರಿಂದ ಕೂರಲಾಗುತ್ತಿರಲಿಲ್ಲ. ಅವರ ಅಪಘಾತದ ಸುದ್ದಿಯಲ್ಲೂ ‘ಸುರಕ್ಷಿತ’ ಎಂದೇ ಇತ್ತು. ಅವರು ಹೊರಬಿದ್ದದ್ದು ತೀರ ಸಾಧಾರಣ ವೇಗದಲ್ಲಿ.

ವೇಗ ಹೆಚ್ಚಾದಂತೆ ಬೆನ್ನಿಗಿಂತ ದೊಡ್ಡ ಶತ್ರು ಎದುರಾಗುತ್ತದೆ, ಅದು ಗಾಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕಿನಲ್ಲಿ ಹೋಗುವಾಗ ಅಂಗೈ ಅಗಲಿಸಿ ಹಿಡಿದರೆ ಗಾಳಿ ತಳ್ಳುವುದು ಎಲ್ಲರಿಗೂ ಗೊತ್ತು. ವೇಗ ಎರಡರಷ್ಟಾದರೆ ಈ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 1,200 ಕಿ.ಮೀ. ಎಂದರೆ ಬೈಕಿನ ವೇಗದ 20 ಪಟ್ಟು, ಹಾಗಾಗಿ ಒತ್ತಡ 400 ಪಟ್ಟು. ನೆಲದ ಸಮೀಪದ ದಟ್ಟ ಗಾಳಿಯಲ್ಲಿ ಆ ವೇಗಕ್ಕೆ ಒಂದು ಅಂಗೈ ಮೇಲೆ ಬೀಳುವ ಭಾರವೇ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಮುಖ, ಎದೆ, ತೋಳು, ತೊಡೆಗಳ ಮೇಲೆ ಅದು ಒಮ್ಮೆಲೇ ಅಪ್ಪಳಿಸಿದರೆ ಏನಾಗಬಹುದೆಂದು ಊಹಿಸುವ ಅಗತ್ಯವಿಲ್ಲ, ಅನುಭವಿಸಿ ಬದುಕಿದವರಿದ್ದಾರೆ.

ಅವರಲ್ಲಿ ಮೊದಲಿಗರು ಅಮೆರಿಕದ ಟೆಸ್ಟ್ ಪೈಲಟ್ ಜಾರ್ಜ್ ಸ್ಮಿತ್. 1955ರ ಫೆಬ್ರವರಿ 26, ಶನಿವಾರ, ಹಾರುವ ಯೋಚನೆಯೇ ಇರದಿದ್ದ ದಿನ, ಕಾರ್ಖಾನೆಯಿಂದ ಹೊಸದಾಗಿ ಬಂದ ಎಫ್-100 ಸೂಪರ್ ಸೇಬರ್ ವಿಮಾನವನ್ನು ಪರೀಕ್ಷಿಸಲು ಅವರು ಮೇಲೇರಿದರು. ನಿಯಂತ್ರಣ ಜಾಮ್ ಆಗಿ ವಿಮಾನ ಮೂಗು ಕೆಳಗೆ ಮಾಡಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್ ಕಡಲಿನತ್ತ ಧುಮುಕತೊಡಗಿತು. ಸುಮಾರು 6,500 ಅಡಿ ಎತ್ತರದಲ್ಲಿ, ಶಬ್ದದ ವೇಗವನ್ನೂ ಮೀರಿ ಗಂಟೆಗೆ ಸುಮಾರು 1,250 ಕಿ.ಮೀ. ವೇಗದಲ್ಲಿ ಅವರು ಹೊರಬಿದ್ದರು. ಗಾಳಿಯ ಹೊಡೆತಕ್ಕೆ ಹೆಲ್ಮೆಟ್, ಬೂಟು, ಕಾಲುಚೀಲ, ಕೈಗವಸು, ಕೈಗಡಿಯಾರ, ಬೆರಳಿನ ಉಂಗುರ ಕೂಡ ಕಿತ್ತುಹೋದವು. ಪ್ರಜ್ಞೆಯಿಲ್ಲದೆ ಕಡಲಿಗೆ ಬಿದ್ದ ಅವರನ್ನು ಹತ್ತಿರದಲ್ಲೇ ಇದ್ದ ದೋಣಿಯವರು ಮೇಲೆತ್ತಿದರು. ಕಣ್ಣುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಒಳಅಂಗಗಳಿಗೆ ಪೆಟ್ಟಾಗಿತ್ತು, ದಿನಗಟ್ಟಲೆ ಎಚ್ಚರವಾಗಲಿಲ್ಲ. ಆಸ್ಪತ್ರೆಯಲ್ಲಿ ಕಳೆದದ್ದು ಸುಮಾರು ಏಳು ತಿಂಗಳು. ಆಮೇಲೆ ಅವರು ಮತ್ತೆ ವಿಮಾನ ಹಾರಿಸಿದರು ಎಂಬುದನ್ನು ಓದಿದಾಗ ಇಂದಿಗೂ ನನ್ನ ಮನಸ್ಸು ತುಂಬಿಬರುತ್ತದೆ.

ಇದಕ್ಕೆ ಹನ್ನೊಂದು ವಾರ ಮೊದಲಷ್ಟೇ, 1954ರ ಡಿಸೆಂಬರ್ 10ರಂದು, ವೈದ್ಯ ಜಾನ್ ಪಾಲ್ ಸ್ಟ್ಯಾಪ್ ನ್ಯೂ ಮೆಕ್ಸಿಕೋದ ಹಳಿಗಳ ಮೇಲೆ ರಾಕೆಟ್ ಗಾಡಿಗೆ ತಮ್ಮನ್ನೇ ಬಿಗಿಸಿಕೊಂಡು ಗಂಟೆಗೆ ಸುಮಾರು 1,017 ಕಿ.ಮೀ. ವೇಗ ಮುಟ್ಟಿ, ಒಂದೂವರೆ ಸೆಕೆಂಡಿನೊಳಗೆ ನಿಂತು ತೋರಿಸಿದ್ದರು. ಮನುಷ್ಯದೇಹ ಎಷ್ಟನ್ನು ತಾಳಬಲ್ಲದೆಂದು ಅಂದು ಬೇರೆ ಯಾರ ಮೇಲೂ ಪ್ರಯೋಗಿಸದೆ ತಮ್ಮ ಮೈಮೇಲೇ ನೋಡಿದ ಅವರ ಋಣ ಎಲ್ಲ ಪೈಲಟ್‌ಗಳ ಮೇಲಿದೆ.

ನಲವತ್ತು ವರ್ಷಗಳ ಬಳಿಕ, ಸೀಟುಗಳು ಎಷ್ಟೋ ಸುಧಾರಿಸಿದ ಮೇಲೂ ಗಾಳಿ ಮೆತ್ತಗಾಗಿರಲಿಲ್ಲ. 1995ರ ಏಪ್ರಿಲ್ 18ರ ರಾತ್ರಿ ನಾರ್ತ್ ಕ್ಯಾರೊಲೈನಾದ ಕರಾವಳಿಯಾಚೆ ಎಫ್-15ಇ ಯುದ್ಧವಿಮಾನದಿಂದ ಕ್ಯಾಪ್ಟನ್ ಬ್ರಯಾನ್ ಯುಡೆಲ್ ಹೆಚ್ಚುಕಡಿಮೆ ಸ್ಮಿತ್ ಅವರಷ್ಟೇ ವೇಗದಲ್ಲಿ ಹೊರಬಿದ್ದರು. ಆ ಸೀಟಿನಲ್ಲಿ ಕಾಲುಗಳನ್ನು ಹಿಡಿದಿಡುವ ಪಟ್ಟಿ ಇರಲಿಲ್ಲ. ಅವರ ನಾಲ್ಕು ಕೈಕಾಲುಗಳಲ್ಲಿ ಮೂರು ಕೆಲಸಕ್ಕೆ ಬಾರದಾದವು. ಉಳಿದ ಒಂದು ಕೈಯಿಂದ ರಬ್ಬರ್ ತೆಪ್ಪ ಹತ್ತಿ, ತಣ್ಣನೆಯ ಸಮುದ್ರದಲ್ಲಿ ಸುಮಾರು ನಾಲ್ಕು ಗಂಟೆ ಕಳೆದು, ಹೆಲಿಕಾಪ್ಟರಿಗೆ ಸಿಕ್ಕರು. ಹಿಂದಿನ ಸೀಟಿನಲ್ಲಿದ್ದ ಜೊತೆಗಾರ ಬದುಕಲಿಲ್ಲ. ಒಂದೇ ವಿಮಾನ, ಒಂದೇ ರಾತ್ರಿ, ಒಂದೇ ಬಗೆಯ ಸೀಟು.

ವೇಗದ ಅಂಕಿ ಮಾತ್ರ ನೋಡಿ ತೀರ್ಮಾನಿಸುವುದೂ ತಪ್ಪಾಗುತ್ತದೆ. 1966ರ ಜನವರಿ 25ರಂದು ಬಿಲ್ ವೀವರ್ ಎಂಬ ಪೈಲಟ್ ಇದ್ದ ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71, ಶಬ್ದದ ಮೂರು ಪಟ್ಟಿಗೂ ಮೀರಿದ ವೇಗದಲ್ಲಿ, 78,000 ಅಡಿಗೂ ಮೇಲೆ ಚೂರುಚೂರಾಯಿತು. ಅವರು ಹಿಡಿ ಎಳೆಯಲೂ ಸಮಯವಿರಲಿಲ್ಲ. ಸೀಟು ವಿಮಾನದಲ್ಲೇ ಉಳಿದು ಮನುಷ್ಯ ಮಾತ್ರ ಹೊರಬಿದ್ದರು, ಆದರೂ ಹೆಚ್ಚಿನ ಗಾಯವಿಲ್ಲದೆ ನೆಲ ಮುಟ್ಟಿದರು. ಅಷ್ಟು ಎತ್ತರದಲ್ಲಿ ಗಾಳಿ ಎಷ್ಟು ತೆಳುವೆಂದರೆ, ಲೆಕ್ಕ ಹಾಕಿದರೆ ಅವರ ಮೇಲೆ ಬಿದ್ದ ಒತ್ತಡ ಸ್ಮಿತ್ ಅನುಭವಿಸಿದ್ದರ ಮೂರನೇ ಒಂದು ಪಾಲಿನಷ್ಟು. ಗಾಳಿ ತುಂಬಿಕೊಂಡ ಒತ್ತಡದ ಉಡುಪೂ ಅವರನ್ನು ಕಾಪಾಡಿತು. ಅವರ ಸಂಗಾತಿ ಜಿಮ್ ಜ್ವಾಯರ್ ಮಾತ್ರ ಆ ದಿನವೇ ತೀರಿಕೊಂಡರು.

ನಾವು ಕಿರಣ್ ವಿಮಾನದ ಸೀಟುಗಳಲ್ಲಿ ತಲೆಯ ಮೇಲಿನ ಹಿಡಿಯನ್ನು ನೋಡುತ್ತಿದ್ದೆವು. ಅದನ್ನು ಎಳೆದರೆ ದಪ್ಪ ಬಟ್ಟೆಯ ಪರದೆಯೊಂದು ಮುಖದ ಮೇಲೆ ಇಳಿಯುತ್ತದೆ. ಗಾಳಿಯಿಂದ ಮುಖ ಕಾಯಲು, ತಲೆ ನೆಟ್ಟಗಿರಲು ಇದ್ದದ್ದು ಆ ಮೊಳ ಬಟ್ಟೆ. ಮೊಣಕಾಲ ಕೆಳಗೆ ಕಟ್ಟುವ ಪಟ್ಟಿಗೆ ಸೇರಿದ ಹಗ್ಗ, ಸೀಟು ಮೇಲೇರುವಾಗ ಕಾಲುಗಳನ್ನು ಎಳೆದು ಸೀಟಿಗೆ ಅಂಟಿಸುತ್ತದೆ. ಆ ಹಗ್ಗದ ಒಂದು ಎಳೆ ಸಡಿಲವಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡದೆ ನಾವು ಸಹಿ ಹಾಕುತ್ತಿರಲಿಲ್ಲ. ಕೆಂಪು ಪಟ್ಟಿ ತೂಗುವ ಸೇಫ್ಟಿ ಪಿನ್‌ಗಳನ್ನು ತೆಗೆದು ಎಣಿಸಿ, ಪೈಲಟ್‌ಗೆ ತೋರಿಸಿದ ಮೇಲೆಯೇ ಏಣಿ ಇಳಿಯುವುದು. ನಮ್ಮ ಮಿಗ್-29, ಸುಖೋಯ್-30 ವಿಮಾನಗಳಲ್ಲಿರುವ ರಷ್ಯಾದ ಕೆ-36 ಸೀಟು ಇನ್ನೂ ಮುಂದೆ ಹೋಗಿ, ತೋಳುಗಳನ್ನೂ ತಡೆದು, ಎದೆಯ ಮುಂದೆ ಗಾಳಿ ಸೀಳುವ ಫಲಕವನ್ನು ಎಬ್ಬಿಸಿ, ಎರಡು ಉದ್ದ ಕೊಳವೆಗಳನ್ನು ಹಿಂದಕ್ಕೆ ಚಾಚಿ ಸೀಟು ಗಿರಕಿ ಹೊಡೆಯದಂತೆ ನೋಡಿಕೊಳ್ಳುತ್ತದೆ.

2025ರ ಡಿಸೆಂಬರ್ ಮೊದಲ ವಾರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಚಂಡೀಗಢದ ಹಳಿಯ ಮೇಲೆ, ತೇಜಸ್ಸಿನ ಮುಂಭಾಗವನ್ನು ರಾಕೆಟ್ ಗಾಡಿಗೆ ಕಟ್ಟಿ ಗಂಟೆಗೆ 800 ಕಿ.ಮೀ. ವೇಗದಲ್ಲಿ ಮನುಷ್ಯಾಕಾರದ ಗೊಂಬೆಯನ್ನು ಹೊರಚಿಮ್ಮಿಸುವ ಪರೀಕ್ಷೆ ನಡೆಸಿತು. ತೇಜಸ್ಸನ್ನು ವಿನ್ಯಾಸಗೊಳಿಸಿದ ಬೆಂಗಳೂರಿನ ಎಡಿಎ ಮತ್ತು ಅದನ್ನು ತಯಾರಿಸುವ ಎಚ್‌ಎಎಲ್ ಅದರಲ್ಲಿ ಪಾಲುಗೊಂಡಿದ್ದವು. ಸ್ವಂತ ನೆಲದಲ್ಲಿ ಇಂಥ ಪರೀಕ್ಷೆ ಮಾಡಬಲ್ಲ ದೇಶಗಳು ಕೆಲವೇ ಇವೆ, ಹಾಗಾಗಿ ಆ ಸುದ್ದಿ ಓದಿ ನಾನು ನಿಜಕ್ಕೂ ಹಿಗ್ಗಿದೆ. ಆದರೆ 800 ಕಿ.ಮೀ. ವೇಗದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವ ಒತ್ತಡ ಸುಮಾರು ಮೂರು ಟನ್ ಎಂಬುದನ್ನೂ, ಆ ಗೊಂಬೆಯ ಜಾಗದಲ್ಲಿ ಒಂದು ದಿನ ಯಾರ ಮನೆಯ ಮಗನೋ ಮಗಳೋ ಇರುತ್ತಾರೆಂಬುದನ್ನೂ ಹೇಳಿದ್ದರೆ ಸುದ್ದಿ ಪೂರ್ತಿಯಾಗುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಪೈಲಟ್ ತೀರಿಕೊಂಡಾಗ ‘ಇನ್ನೂ ಬೇಗ ಏಕೆ ಹೊರಬರಲಿಲ್ಲ’ ಎಂಬ ಪ್ರಶ್ನೆ ಸುಲಭವಾಗಿ ಕೇಳಿಬರುತ್ತದೆ. ವೇಗ ಹೆಚ್ಚಿದ್ದಾಗ, ಅವಕಾಶವಿದ್ದರೆ ಮೊದಲು ವಿಮಾನದ ಮೂಗು ಮೇಲೆತ್ತಿ ವೇಗ ಇಳಿಸಿ, ಎತ್ತರ ಗಳಿಸಿ ಹೊರಬರಬೇಕೆಂದೇ ಅವರಿಗೆ ಕಲಿಸಲಾಗಿರುತ್ತದೆ. ಕೆಳಗೆ ಊರಿದ್ದರೆ ಅದರಾಚೆ ವಿಮಾನ ತಿರುಗಿಸಬೇಕೆಂಬ ತವಕವೂ ಇರುತ್ತದೆ. ನೆಲದತ್ತ ನೇರ ಧುಮುಕುವ ವಿಮಾನ 1,200 ಕಿ.ಮೀ. ವೇಗದಲ್ಲಿ ಒಂದು ಸಾವಿರ ಮೀಟರ್ ಇಳಿಯಲು ಬೇಕಾದದ್ದು ಮೂರೇ ಸೆಕೆಂಡು. ಆ ಮೂರು ಸೆಕೆಂಡಿನ ಲೆಕ್ಕವನ್ನು, ತನಿಖೆಯ ವರದಿ ಬರುವ ಮೊದಲೇ ನಾವು ಕುರ್ಚಿಯಲ್ಲಿ ಕೂತು ಮಾಡಬಾರದು.

ನನ್ನ ಕೋರಿಕೆ ಇಷ್ಟೇ. ‘ಹೊರಜಿಗಿದರು’ ಎಂಬುದರ ಬದಲು ‘ಎಜೆಕ್ಟ್ ಆದರು’ ಎಂದೇ ಬರೆಯಿರಿ, ಓದುಗರಿಗೆ ಅರ್ಥವಾಗುತ್ತದೆ. ವೈದ್ಯರು ಪರೀಕ್ಷಿಸಿ ಹೇಳುವವರೆಗೆ ‘ಸುರಕ್ಷಿತ’ ಎನ್ನದೆ ‘ಜೀವಾಪಾಯದಿಂದ ಪಾರಾಗಿದ್ದಾರೆ’ ಎನ್ನಿರಿ. ಎತ್ತರ ಮತ್ತು ವೇಗವನ್ನು ವಾಯುಪಡೆ ತಿಳಿಸಿದರೆ ಅದನ್ನೂ ಅಚ್ಚು ಮಾಡಿರಿ. ಮೂರೋ ಆರೋ ತಿಂಗಳ ನಂತರ ಆ ಪೈಲಟ್ ಮತ್ತೆ ಕಾಕ್‌ಪಿಟ್ ಏರಿದರೇ ಎಂದು ವಾಯುಪಡೆಯನ್ನು ಕೇಳಿ, ಉತ್ತರ ಬಂದರೆ ನಾಲ್ಕು ಸಾಲು ಪ್ರಕಟಿಸಿರಿ.

ಇತಿ ತಮ್ಮ ವಿಶ್ವಾಸಿ,
ವಾಯುಪಡೆಯ ನಿವೃತ್ತ ಸಿಬ್ಬಂದಿ, ತುಮಕೂರು