ಕ್ಲಾಸ್ ಓದಿ ಅಂಕ ಕೊಡಬೇಡಿ, ಆಡಿಸಿ ನೋಡಿ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡುವ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಸ್ವಂತ ಕ್ಲಾಸ್, ಅಂದರೆ ಆಟದ ಪಾತ್ರಕ್ಕೆ ಹೊಸ ಬಗೆ, ಬರೆಯುವ ಆಸೆ ಹುಟ್ಟುತ್ತದೆ. ಕಾಲೇಜು ಹಬ್ಬದಲ್ಲೋ ರಜೆಯ ಶಿಬಿರದಲ್ಲೋ ಇಂಥ ಕ್ಲಾಸ್‌ಗಳಿಗೆ ಸ್ಪರ್ಧೆ ಇಡಬೇಕು ಎಂದುಕೊಂಡವರಿಗೆ ನಮ್ಮದೊಂದು ಮನವಿ. ತೀರ್ಪುಗಾರರು ಕಾಗದ ಓದಿ ಅಂಕ ಹಾಕುವುದು ಬೇಡ. ಕ್ಲಾಸನ್ನು ಮೇಜಿಗೆ ತಂದು, ಬರೆದವರನ್ನು ಬಿಟ್ಟು ಬೇರೆಯವರ ಕೈಯಲ್ಲಿ ಆಡಿಸಿ, ಆಮೇಲೆ ಅಂಕ ಹಾಕಲಿ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಬೇರು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಡಿಎಂ ಅನ್ನುವ ಒಬ್ಬರು ಕಥೆ ನಡೆಸುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ 20 ಮುಖದ ದಾಳ ಉರುಳುತ್ತದೆ. ಪಾತ್ರಕ್ಕೆ ಏನೇನು ವಿದ್ಯೆ ಬರುತ್ತದೆ ಅನ್ನುವುದನ್ನು ಅದರ ಕ್ಲಾಸ್ ಹೇಳುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ, ಪುಂಡುವೇಷ, ಸ್ತ್ರೀವೇಷ ಅಂದ ಕೂಡಲೇ ಕುಣಿತ, ತೊಡುಗೆ, ಮಾತಿನ ಧಾಟಿ ಕಣ್ಣಿಗೆ ಬರುತ್ತದಲ್ಲ, ಹಾಗೆ. ಮೊದಲ ಆವೃತ್ತಿಯಲ್ಲಿ ಕಾದಾಳು, ಮಂತ್ರವಾದಿ, ಪೂಜಾರಿ ಎಂದು ಮೂರೇ ಕ್ಲಾಸ್ ಇದ್ದವು. 2014ರ ಐದನೇ ಆವೃತ್ತಿಯ ಮುಖ್ಯ ಪುಸ್ತಕದಲ್ಲಿ 12 ಇವೆ, ಪ್ರತಿಯೊಂದಕ್ಕೂ 1ರಿಂದ 20ರವರೆಗೆ ಲೆವೆಲ್, ಪಾತ್ರ ಬೆಳೆದಂತೆ ಏರುವ ಮೆಟ್ಟಿಲು. ಹೊಸಬರು ಹೆಚ್ಚಾಗಿ ಬರೆಯುವುದು ಇದೇ ಆವೃತ್ತಿಗೆ, ಹಾಗಾಗಿ ಕೆಳಗಿನ ಲೆಕ್ಕವೆಲ್ಲ ಅದರದ್ದೇ.

ಓದುವಾಗ ಒಳ್ಳೆಯ ಬರವಣಿಗೆ ಕಣ್ಣು ಕಟ್ಟಿಬಿಡುತ್ತದೆ. ಪೀಠಿಕೆ ಚೆನ್ನಾಗಿದ್ದರೆ ನಿಯಮದಲ್ಲಿರುವ ತೂತು ಕಾಣುವುದಿಲ್ಲ. ಆದ್ದರಿಂದ ತೀರ್ಪುಗಾರರು ಮೊದಲು ಅಳತೆಗೋಲು ಇಟ್ಟುಕೊಳ್ಳಬೇಕು. 5ನೇ ಲೆವೆಲ್ ತೆಗೆದುಕೊಳ್ಳಿ. ಮುಖ್ಯ ಗುಣ (ಬಲ, ಚುರುಕು ಇಂಥದ್ದು) 18 ಇದ್ದರೆ ದಾಳಕ್ಕೆ +4, ಆ ಲೆವೆಲ್‌ನ ಪ್ರಾವೀಣ್ಯ +3, ಒಟ್ಟು +7. ಎದುರಾಳಿಯ ಎಸಿ (ಏಟು ತಾಗಲು ಮುಟ್ಟಬೇಕಾದ ಅಂಕ) 15 ಅಂದರೆ ದಾಳದಲ್ಲಿ 8 ಅಥವಾ ಮೇಲೆ ಬಿದ್ದರೆ ಏಟು ತಾಗುತ್ತದೆ. 20ರಲ್ಲಿ 13 ಸಲ, ಶೇ 65. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯ ಫೈಟರ್ (ಕಾದಾಳು) ಎರಡು ಸಲ ಬೀಸುತ್ತಾನೆ, ಒಂದೊಂದು ಏಟಿಗೆ ಸರಾಸರಿ 11. ತಪ್ಪಿದ್ದನ್ನು ಕಳೆದು, 20 ಬಿದ್ದಾಗಿನ ಹೆಚ್ಚುವರಿ ದಾಳ ಸೇರಿಸಿದರೆ ಒಂದು ಸರದಿಗೆ 15 ಡ್ಯಾಮೇಜ್ (ಪೆಟ್ಟಿನ ಅಂಕ). ಎಲ್ಡ್ರಿಚ್ ಬ್ಲಾಸ್ಟ್ ಮಂತ್ರಕ್ಕೆ ಅಗೊನೈಸಿಂಗ್ ಬ್ಲಾಸ್ಟ್, ಹೆಕ್ಸ್ ಎರಡನ್ನೂ ಸೇರಿಸಿಕೊಂಡ ವಾರ್‌ಲಾಕ್‌ಗೆ (ಮಂತ್ರದ ಇನ್ನೊಂದು ಕ್ಲಾಸ್) 17.8. ರೇಪಿಯರ್ (ತೆಳು ಕತ್ತಿ) ಹಿಡಿದ ರೋಗ್‌ಗೆ (ಕಳ್ಳನ ಬಗೆಯ ಕ್ಲಾಸ್) ಸ್ನೀಕ್ ಅಟ್ಯಾಕ್ ಎಂಬ ಹೊಂಚಿನ ಏಟು ಸೇರಿ 13.1, ಅಡ್ವಾಂಟೇಜ್ ಸಿಕ್ಕರೆ, ಅಂದರೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಹಿಡಿದರೆ, 18.1. ಸ್ಪರ್ಧೆಗೆ ಬಂದ ಕ್ಲಾಸ್, ಇಷ್ಟೇ ಸಲ ಎಂದು ಮಿತಿಯಿರುವ ಶಕ್ತಿ ಯಾವುದನ್ನೂ ಖರ್ಚು ಮಾಡದೆ, ಪ್ರತಿ ಸರದಿಗೂ 20 ದಾಟುತ್ತಿದ್ದರೆ ಅದನ್ನು ಅಲ್ಲೇ ತಡೆಯಬೇಕು. ಹತ್ತರ ಒಳಗೆ ಇದ್ದು, ಗುಂಪಿಗೆ ಬೇರೆ ಯಾವ ಉಪಕಾರವೂ ಅದರಿಂದ ಇಲ್ಲದಿದ್ದರೆ ಆಡುವವರಿಗೆ ಬೇಸರ ಗ್ಯಾರಂಟಿ.

ದಾಳದಲ್ಲಿ ಒಂದು ಅಂಕ ಅಂದರೆ ಶೇ 5. ಐದನೇ ಆವೃತ್ತಿಯಲ್ಲಿ ಎಸಿ, ದಾಳಿಯ ಅಂಕಗಳು ಬೇಕೆಂದೇ ಸಣ್ಣ ವ್ಯಾಪ್ತಿಯೊಳಗಿವೆ. ‘ಸದಾ ಎಸಿಗೆ +3’ ಎಂದು ಮೂರಕ್ಷರದಲ್ಲಿ ಬರೆದುಬಿಡುವುದು ಸುಲಭ. ಎದುರಾಳಿಗೆ 20ರಲ್ಲಿ 13 ಸಲ ತಾಗುತ್ತಿದ್ದ ಏಟು 10ಕ್ಕೆ ಇಳಿಯುತ್ತದೆ. ಇನ್ನೊಂದು ಬೇಗ ನೋಡಬಹುದಾದದ್ದು ಸೇವಿಂಗ್ ಥ್ರೋ, ಮಂತ್ರ, ವಿಷ ಇಂಥವುಗಳಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ. ಪುಸ್ತಕದ ಪ್ರತಿ ಕ್ಲಾಸ್‌ಗೂ ಎರಡು ಗುಣಗಳಲ್ಲಿ ಇದರ ಪ್ರಾವೀಣ್ಯ ಇದೆ: ಡೆಕ್ಸ್ಟೆರಿಟಿ (ಚುರುಕು), ಕಾನ್‌ಸ್ಟಿಟ್ಯೂಷನ್ (ತಾಳಿಕೆ), ವಿಸ್ಡಮ್ (ವಿವೇಕ) ಈ ಮೂರರಲ್ಲಿ ಒಂದು, ಉಳಿದ ಮೂರರಲ್ಲಿ ಒಂದು. ಮೊದಲ ಮೂರರಲ್ಲೇ ಎರಡು ಬಾಚಿಕೊಂಡ ಕ್ಲಾಸ್ ಕಂಡರೆ ಬರೆದವರಿಗೆ ಈ ಪದ್ಧತಿ ಗೊತ್ತಿಲ್ಲ ಎಂದೇ ಅರ್ಥ.

ಲೆಕ್ಕ ಮುಗಿದ ಮೇಲೆ ಮೇಜು. ನಾಲ್ವರು ಆಟಗಾರರು, ಒಬ್ಬ ಡಿಎಂ, ಮೂರು ಕಾಳಗ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಶಾರ್ಟ್ ರೆಸ್ಟ್ (ಪಾತ್ರಗಳ ಸಣ್ಣ ವಿಶ್ರಾಂತಿ). ಮೂರು ಗಂಟೆ ಹಿಡಿಯುತ್ತದೆ. ಒಂದೇ ಕಾಳಗ ಆಡಿಸಿ ಮುಗಿಸುವ ತಪ್ಪು ಮಾತ್ರ ಮಾಡಬಾರದು. 5ನೇ ಲೆವೆಲ್‌ನ ವಿಜರ್ಡ್‌ಗೆ (ಮಂತ್ರವಾದಿ) ಮೂರನೇ ಮಟ್ಟದ ಸ್ಲಾಟ್, ಅಂದರೆ ಆ ಮಟ್ಟದ ಮಂತ್ರ ಹಾಕುವ ಅವಕಾಶ, ಎರಡೇ. ಫೈರ್‌ಬಾಲ್ (ಬೆಂಕಿಯುಂಡೆಯ ಮಂತ್ರ) ಒಂದಕ್ಕೆ ಆರು ಮುಖದ ಎಂಟು ದಾಳ, ಸರಾಸರಿ 28, ಅದೂ ಒಂದೇ ಏಟಿಗೆ ಹಲವರಿಗೆ. ಒಂದೇ ಕಾಳಗವಾದರೆ ಅವನು ಎರಡನ್ನೂ ಅಲ್ಲೇ ಸುರಿದು ರಾಜನ ಹಾಗೆ ಕಾಣುತ್ತಾನೆ. ದಿನವಿಡೀ ಒಂದೇ ಸಮ ಹೊಡೆಯುವ ಫೈಟರ್ ಪಾಪ ಅನ್ನಿಸುತ್ತಾನೆ. ಮೂರನೇ ಕಾಳಗಕ್ಕೆ ಬರುವಷ್ಟರಲ್ಲಿ ತಕ್ಕಡಿ ಸಮಕ್ಕೆ ಬಂದಿರುತ್ತದೆ. ಮನೆಯಲ್ಲಿ ಬರೆದ ಕ್ಲಾಸ್ ದಿನದ ಗಂಟನ್ನು ಹೇಗೆ ಖರ್ಚು ಮಾಡುತ್ತದೆ ಅನ್ನುವುದು ಆಗಲೇ ತಿಳಿಯುವುದು.

ಯಾವ ಲೆವೆಲ್‌ನಲ್ಲಿ ಆಡಿಸಬೇಕು? 1, 5, 11. ಪೂರ್ತಿ ಮೇಜು 5ಕ್ಕೆ ಸಾಕು, ಉಳಿದೆರಡಕ್ಕೆ ಒಂದೊಂದು ಕಾಳಗ. 5ರಲ್ಲಿ ಕಾದಾಳುಗಳಿಗೆ ಎರಡನೇ ಏಟು, ಮಂತ್ರದವರಿಗೆ ಫೈರ್‌ಬಾಲ್‌ನಂಥವು ಬರುತ್ತವೆ, ಕ್ಯಾಂಟ್ರಿಪ್‌ನ (ಸ್ಲಾಟ್ ಖರ್ಚಿಲ್ಲದ ಸಣ್ಣ ಮಂತ್ರ) ದಾಳ ಎರಡಾಗುತ್ತದೆ. 11ರಲ್ಲಿ ಮತ್ತೊಂದು ಮೆಟ್ಟಿಲು. 17ರ ಮೇಲಿನದನ್ನು ಓದಿ ಬಿಟ್ಟರೆ ಸಾಕು, ಅಷ್ಟು ದೂರ ಆಟ ಹೋಗುವುದೇ ಅಪರೂಪ. 1ನೇ ಲೆವೆಲ್ ಯಾಕೆ ಅಂದರೆ ಆಸೆಗೆ ಬಿದ್ದು ಎಲ್ಲವನ್ನೂ ಅಲ್ಲೇ ತುಂಬಿರುತ್ತಾರೆ. ಆಗ ಬೇರೆ ಕ್ಲಾಸಿನವರು ಇದರಲ್ಲಿ ಒಂದೇ ಒಂದು ಲೆವೆಲ್ ತೆಗೆದುಕೊಂಡು, ಕೆನೆ ಹೀರಿ, ತಮ್ಮ ದಾರಿ ಹಿಡಿಯುತ್ತಾರೆ. ತೀರ್ಪುಗಾರರು ಐದು ಲೆವೆಲ್ ಫೈಟರ್‌ಗೆ ಈ ಕ್ಲಾಸಿನ ಒಂದು ಲೆವೆಲ್ ಅಂಟಿಸಿ ನೋಡಬೇಕು.

ಬರೆದವರು ಆ ಹೊತ್ತು ಮೇಜಿನ ಹತ್ತಿರ ಇರಬಾರದು. ಇದ್ದರೆ ‘ಅದು ಹಾಗಲ್ಲ, ನನ್ನ ಉದ್ದೇಶ ಹೀಗಿತ್ತು’ ಎಂದು ಬಾಯಲ್ಲಿ ಸರಿಮಾಡುತ್ತಾರೆ. ಕಾಗದದಲ್ಲಿ ಇಲ್ಲದ್ದು ಕ್ಲಾಸಿನಲ್ಲೂ ಇಲ್ಲ.

ಈಗ ಹತ್ತಿರದ ಒಂದು ಉದಾಹರಣೆ. ಸಕಲೇಶಪುರ, ಆಲೂರು ಕಡೆ ಆನೆ ದಿನದ ಮಾತು. ಹಾಗಿರುವಾಗ ನಮ್ಮ ಕಡೆಯ ಸ್ಪರ್ಧೆಗೆ ಯಾರಾದರೂ ಮಾವುತನ ಕ್ಲಾಸ್ ಬರೆಯುವುದು ಸಹಜ, ಬರೆಯಲೂ ಬೇಕು. ಆದರೆ ನಿಯಮಪುಸ್ತಕದ ಆನೆಯನ್ನು ಹಾಗೇ ಎತ್ತಿ 3ನೇ ಲೆವೆಲ್‌ಗೆ ಕೊಟ್ಟರೆ ಏನಾಗುತ್ತದೆ ನೋಡಿ. ಆ ಆನೆಗೆ 76 ಹಿಟ್ ಪಾಯಿಂಟ್ (ಜೀವದ ಅಂಕ), ದಂತದ ತಿವಿತಕ್ಕೆ ಸರಾಸರಿ 19. ಪಕ್ಕದಲ್ಲಿ ನಿಂತ 3ನೇ ಲೆವೆಲ್ ಫೈಟರ್‌ಗೆ, ಕಾನ್‌ಸ್ಟಿಟ್ಯೂಷನ್ 14 ಇದ್ದರೂ, 28 ಹಿಟ್ ಪಾಯಿಂಟ್, ಏಟಿಗೆ 10. ಕಾಳಗ ಆನೆಯದ್ದಾಗುತ್ತದೆ, ಉಳಿದ ಮೂವರು ನೋಡುತ್ತ ಕೂರುತ್ತಾರೆ. 2014ರ ಪುಸ್ತಕದಲ್ಲಿ ರೇಂಜರ್ ಎಂಬ ಕ್ಲಾಸಿನ ಜೊತೆಗಾರ ಪ್ರಾಣಿಯ ಚಾಲೆಂಜ್ ರೇಟಿಂಗ್ (ಎದುರಾಳಿಯ ಬಲದ ಅಳತೆ) 1/4 ದಾಟಬಾರದು ಎಂದು ಕಟ್ಟು ಹಾಕಿದ್ದಾರೆ, ಆನೆಯದ್ದು 4.

ಮಾವುತನಿಗೆ ಇನ್ನೊಂದು ಕಷ್ಟ, ಜಾಗದ್ದು. ನಕ್ಷೆಯಲ್ಲಿ ಒಂದು ಚೌಕ ಅಂದರೆ 5 ಅಡಿ. ಆನೆ ಮೂರು ಚೌಕ ಉದ್ದ, ಮೂರು ಚೌಕ ಅಗಲ ಹಿಡಿಯುತ್ತದೆ. ಮುದುರಿಕೊಂಡರೂ 10 ಅಡಿ ಬೇಕು. 5 ಅಡಿಯ ಸುರಂಗದ ಬಾಯಲ್ಲಿ ಆನೆ ನಿಂತಿತು ಅಂದರೆ ಒಳಗೆ ಹೋದ ಮಾವುತನ ಕೈಯಲ್ಲಿ ಉಳಿಯುವುದು ಅಂಕುಶ ಒಂದೇ. ಈ ಪ್ರಶ್ನೆಗೆ ಕ್ಲಾಸಿನಲ್ಲಿ ಉತ್ತರ ಇರಬೇಕು. ಮರಿಯಾನೆಯಿಂದ ಶುರುಮಾಡಲಿ, ಹಿಟ್ ಪಾಯಿಂಟ್ ಲೆವೆಲ್‌ನ ಐದು ಪಟ್ಟಿಗೆ ಐದು ಕೂಡಿಸಿದಷ್ಟು ಇರಲಿ (3ನೇ ಲೆವೆಲ್‌ಗೆ 20), ಮಾವುತ ತನ್ನ ಬೋನಸ್ ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಹೆಚ್ಚುವರಿ ಸಣ್ಣ ಕೆಲಸ) ಖರ್ಚು ಮಾಡಿ ಹೇಳಿದರೆ ಮಾತ್ರ ಆನೆ ದಾಳಿ ಮಾಡಲಿ. ಆನೆ ಇಲ್ಲದ ಹೊತ್ತಿಗೆ ಹೆಜ್ಜೆ ಗುರುತು ಓದುವುದು, ಹಗ್ಗದಿಂದ ಕಾಲಿಗೆ ತೊಡಕು ಹಾಕುವುದು, ಬೆದರಿದ ಪ್ರಾಣಿಯನ್ನು ಸಮಾಧಾನ ಮಾಡುವುದು, ಇಂಥ ಎರಡು ಮೂರು ವಿದ್ಯೆ ಸಾಕು. ಆಗ ಅದು ನಿಜವಾಗಿ ಮಾವುತನ ಕ್ಲಾಸ್.

ಇನ್ನೂ ಚೆಂದದ ವಸ್ತು ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಗರುಡಗಂಬ, ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿನದು. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಎಂದು ವ್ರತ ತೊಟ್ಟವರು ಗರುಡರು. ಆ ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ಒಪ್ಪಿಸುವ ವೀರರ ಕೆತ್ತನೆ ಇದೆ. ‘ಗರುಡ’ ಎಂಬ ಕ್ಲಾಸ್ ಬರೆಯಲು ಇದಕ್ಕಿಂತ ಬೇಕೆ? ಒಡೆಯನಾಗಿ ಜೊತೆಯವರಲ್ಲಿ ಒಬ್ಬರನ್ನು ಆರಿಸು. 5 ಅಡಿಯೊಳಗೆ ಅವರಿಗೆ ಏಟು ತಾಗಿದಾಗ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಪ್ರತಿಕ್ರಿಯೆ) ಕೊಟ್ಟು ಆ ಡ್ಯಾಮೇಜನ್ನು ನೀನು ತೆಗೆದುಕೋ. ಇಲ್ಲಿಯವರೆಗೆ ಸೊಗಸು.

ಆದರೆ ಕ್ಲಾಸ್ ಮುರಿಯುವುದೂ ಇಲ್ಲೇ. ಇದೇ ಪಾತ್ರ ಬಾರ್ಬೇರಿಯನ್ ಎಂಬ ಕ್ಲಾಸಿನ ಒಂದು ಲೆವೆಲ್ ತೆಗೆದುಕೊಂಡು ರೇಜ್ ಮಾಡಿದರೆ (ರೋಷ ಏರಿಸಿಕೊಂಡರೆ) ಕತ್ತಿ, ಬಾಣ, ಗದೆಯ ಡ್ಯಾಮೇಜ್ ಅರ್ಧವಾಗುತ್ತದೆ. ಒಡೆಯನ ಮೇಲೆ ಬಿದ್ದ 20 ಗರುಡನಿಗೆ 10 ಮಾತ್ರ. ‘ಹೀಗೆ ತೆಗೆದುಕೊಂಡ ಡ್ಯಾಮೇಜನ್ನು ಯಾವ ರೀತಿಯಲ್ಲೂ ಕಡಿಮೆ ಮಾಡುವಂತಿಲ್ಲ’ ಎಂಬ ಒಂದು ಸಾಲು ಸೇರಿಸಿದರೆ ಆ ತೂತು ಮುಚ್ಚುತ್ತದೆ. ವ್ರತದ ವಿಷಯ ಇನ್ನೂ ಸೂಕ್ಷ್ಮ. ಒಡೆಯ ಸತ್ತ ಕೂಡಲೇ ಗರುಡನೂ ಸಾಯಬೇಕು ಅಂದರೆ ಒಂದೇ ದುರದೃಷ್ಟಕ್ಕೆ ಇಬ್ಬರು ಆಟಗಾರರು ಪಾತ್ರ ಕಳೆದುಕೊಂಡು ಕೂರುತ್ತಾರೆ. ಒಡೆಯ ಬಿದ್ದ ಮೇಲೆ ಒಂದು ನಿಮಿಷ, ಅಂದರೆ 10 ಸುತ್ತು, ಗರುಡ 0 ಹಿಟ್ ಪಾಯಿಂಟ್‌ಗೆ ಬಂದರೂ ಉರುಳದೆ ಕಾದಾಡುತ್ತಾನೆ, ಅಷ್ಟರಲ್ಲಿ ಒಡೆಯನನ್ನು ಎಬ್ಬಿಸದಿದ್ದರೆ ತಾನೂ ಉರುಳುತ್ತಾನೆ ಎಂದು ಬರೆದರೆ ಕಂಬದ ಮೇಲಿನ ನಿಷ್ಠೆಯೂ ಉಳಿಯುತ್ತದೆ, ಮೇಜಿನಲ್ಲಿ ಎಲ್ಲರಿಗೂ ಕೆಲಸವೂ ಇರುತ್ತದೆ. ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ: ಒಡೆಯನ ಪಾತ್ರದವರು ಆ ಭಾನುವಾರ ಆಟಕ್ಕೇ ಬರದಿದ್ದರೆ? ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ಆದಾಗ ಒಡೆಯನನ್ನು ಬದಲಿಸಬಹುದು ಎನ್ನುವ ಅವಕಾಶ ಇರಲೇಬೇಕು. ಹೀಗೆ ವಸ್ತು ನಿಯಮದೊಳಗೆ ಇಳಿದಿದ್ದರೆ ಕಲ್ಪನೆಗೆ ಪೂರ್ತಿ ಅಂಕ ಕೊಡಿ. ಫೈಟರ್‌ಗೇ ಹೊಯ್ಸಳರ ಹೆಸರು ಹಚ್ಚಿ ಕಳಿಸಿದವರಿಗೂ ಅಷ್ಟೇ ಅಂಕ ಕೊಟ್ಟರೆ ಗರುಡನನ್ನು ಕೂತು ಯೋಚಿಸಿದವರಿಗೆ ಅನ್ಯಾಯ.

ಕನ್ನಡದಲ್ಲಿ ನಿಯಮ ಬರೆಯುವವರಿಗೆ ಪ್ರತ್ಯೇಕ ತೊಡಕುಗಳಿವೆ, ತೀರ್ಪುಗಾರರು ಇದನ್ನು ಪದ ಪದವಾಗಿ ನೋಡಬೇಕು. ‘ಶತ್ರುವಿಗೆ ಹೊಡೆದಾಗ’ ಅಂದರೆ ಬೀಸಿದಾಗಲೋ, ತಾಗಿದಾಗಲೋ? ಶೇ 65ರ ಲೆಕ್ಕದಲ್ಲಿ ಇವೆರಡರ ನಡುವೆ ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ. ‘ಶತ್ರು ಬಿದ್ದರೆ’ ಅಂದರೆ ನೆಲಕ್ಕೆ ಮುಗ್ಗರಿಸಿದನೋ, ಹಿಟ್ ಪಾಯಿಂಟ್ 0 ಆಯಿತೋ? ‘ಮುಂದಿನ ಸರದಿಯವರೆಗೆ’ ಅಂದರೆ ಯಾರ ಸರದಿ, ಅದರ ಆರಂಭದವರೆಗೋ ಕೊನೆಯವರೆಗೋ? ‘ಜೊತೆಯವರೆಲ್ಲರಿಗೂ’ ಅಂದಾಗ ತಾನೂ ಸೇರುತ್ತಾನೋ? ಸರದಿ ಬೇರೆ, ಸುತ್ತು ಬೇರೆ: ಎಲ್ಲರ ಸರದಿ ಮುಗಿದರೆ ಒಂದು ಸುತ್ತು. ‘ಪ್ರತಿ ಸರದಿಗೆ ಒಮ್ಮೆ’ ಎಂದು ಬರೆದರೆ ಬೇರೆಯವರ ಸರದಿಯಲ್ಲಿ ರಿಯಾಕ್ಷನ್‌ನಿಂದ ಇನ್ನೊಮ್ಮೆ ಸಿಗುತ್ತದೆ. ‘ಸುತ್ತಿಗೆ ಒಮ್ಮೆ’ ಅಂದರೆ ಸಿಗುವುದಿಲ್ಲ. ಪ್ರತಿ ವಿದ್ಯೆಗೂ ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್ ಇವುಗಳಲ್ಲಿ ಯಾವುದು ಖರ್ಚು, ಎಷ್ಟು ಅಡಿ ದೂರ, ಎಷ್ಟು ಹೊತ್ತು, ಯಾವ ರೆಸ್ಟ್ ಆದ ಮೇಲೆ ಮತ್ತೆ ಸಿಗುತ್ತದೆ, ಈ ನಾಲ್ಕೂ ಇಲ್ಲದಿದ್ದರೆ ಅಂಕ ಕಳೆಯಿರಿ.

‘ಯಾವುದೇ ಜೀವಿಯನ್ನು ಕೊಂದಾಗ 10 ತಾತ್ಕಾಲಿಕ ಹಿಟ್ ಪಾಯಿಂಟ್’ ಎನ್ನುವಂಥ ಸಾಲು ಕಂಡರೆ ಎಚ್ಚರ. ಆಟಗಾರ ಸಂತೆಯಲ್ಲಿ ಒಂದು ಬುಟ್ಟಿ ಕೋಳಿ ಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಾನೆ, ಕಾಳಗಕ್ಕೆ ಮುಂಚೆ ಒಂದರ ಕುತ್ತಿಗೆ ಮುರಿಯುತ್ತಾನೆ. ಆಟದವರ ನಡುವೆ ಇದು ‘ಇಲಿ ಚೀಲ’ದ ಉಪಾಯ ಎಂದೇ ಹೆಸರಾಗಿದೆ. ‘ನಿನಗೆ ಅಪಾಯ ಒಡ್ಡಿದ ಶತ್ರುವನ್ನು’ ಎಂದು ತಿದ್ದಿದರೆ ಮುಗಿಯಿತು.

ಅಂಕದ ಹಂಚಿಕೆ ಹೀಗಿರಲಿ ಎನ್ನುವುದು ನಮ್ಮ ಸಲಹೆ: ಮೇಜಿನ ಆಟಕ್ಕೆ 40, ಲೆಕ್ಕದ ಸಮತೋಲಕ್ಕೆ 25, ಬರಹದ ಸ್ಪಷ್ಟತೆಗೆ 20, ಕಲ್ಪನೆಗೆ 15. ಈ ಹಾಳೆಯನ್ನು ಅರ್ಜಿ ಕರೆಯುವ ದಿನವೇ ಎಲ್ಲರಿಗೂ ಕೊಡಬೇಕು. ಒಂದು ಕ್ಲಾಸ್‌ಗೆ ಇಬ್ಬರು ತೀರ್ಪುಗಾರರು, ಬೇರೆ ಬೇರೆ ಕೂತು ಬರೆಯಲಿ. 15 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ನೋಡಲಿ. ಬಂದದ್ದು 30 ಇದ್ದರೆ ಎಲ್ಲವನ್ನೂ ಆಡಿಸಲು ಆಗದು. ಲೆಕ್ಕ ಮತ್ತು ಸ್ಪಷ್ಟತೆಯ 45 ಅಂಕದ ಮೇಲೆ ಮೊದಲು ಎಂಟನ್ನು ಆರಿಸಿ, ಅವುಗಳ ಬರಹಗಾರರಿಗೆ ಟಿಪ್ಪಣಿ ಕೊಟ್ಟು, ತಿದ್ದಲು ಒಂದು ವಾರ ಬಿಟ್ಟು, ಆಮೇಲೆ ಮೇಜಿಗೆ ತನ್ನಿ. ಉಳಿದ 22 ಜನರಿಗೂ ಅರ್ಧ ಪುಟದ ಟಿಪ್ಪಣಿ ಹೋಗಲೇಬೇಕು. ಹದಿನೈದು ದಿನ ನಿದ್ದೆಗೆಟ್ಟು ಬರೆದ ಹುಡುಗಿಗೆ ಬರೀ ‘ಆಯ್ಕೆಯಾಗಿಲ್ಲ’ ಎಂಬ ಮೆಸೇಜ್ ಕಳಿಸುವುದು ತಪ್ಪು.

ದುಬಾರಿ ಪುಸ್ತಕ ಇಲ್ಲ ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳ ಸಂಗ್ರಹ, ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿದೆ. 12 ಕ್ಲಾಸ್‌ಗಳೂ ಅದರಲ್ಲಿವೆ, ಮೇಲೆ ಹೇಳಿದ ಆನೆಯೂ ಇದೆ. ಅದನ್ನು ಬಳಸಿ ಬರೆದದ್ದನ್ನು ಅಚ್ಚು ಹಾಕಿಸಬಹುದು, ಮಾರಲೂಬಹುದು. ಮೂಲ ಯಾವುದೆಂದು ಅವರು ಹೇಳಿದ ಮಾತಿನಲ್ಲೇ ನಮೂದಿಸಬೇಕು. ಆ ಸಂಗ್ರಹದಲ್ಲಿ ಇಲ್ಲದ ಪುಸ್ತಕಗಳ ಸಾಲುಗಳನ್ನು ಹಾಗೇ ಎತ್ತಿ ಬರೆದಿದ್ದರೆ, ಕ್ಲಾಸ್ ಎಷ್ಟೇ ಚೆನ್ನಾಗಿರಲಿ, ಮೇಜಿಗೆ ತರುವ ಮೊದಲೇ ಬರೆದವರಿಗೆ ವಾಪಸ್ ಕೊಟ್ಟು ಸ್ವಂತ ಮಾತಿನಲ್ಲಿ ಬರೆಯಲು ಹೇಳಿ.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರಿನ ಕೆಲವು ಟೇಬಲ್‌ಟಾಪ್ ಆಟಗಾರರು