ಅಪ್ಪಯ್ಯನ ಲೆಕ್ಕದ ಪುಸ್ತಕ

ಚಿ. ಮಾನಸಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಬಂತು. ಮೂರನೆಯ ಪುಟದ ಒಂದು ಸಾಲು ನನ್ನನ್ನು ನಿದ್ದೆ ಮಾಡಲು ಬಿಟ್ಟಿಲ್ಲ. ‘ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿದ ಕೈ ನಡುಗಿತು ದೊಡ್ಡಪ್ಪ, ಅಜ್ಜನದ್ದು ನನಗೂ ಬಂತೇ?’ ಎಂದು ಬರೆದು ಮರುಸಾಲಿನಲ್ಲೇ ಹಾಸ್ಟೆಲ್ ಊಟದ ಮಾತಿಗೆ ಹೋಗಿದ್ದೀಯೆ. ನಿಜವಾಗಿ ಹೆದರಿದ್ದೀಯೆ ಎಂದು ಅದರಿಂದಲೇ ತಿಳಿಯಿತು. ನಿನ್ನ ಅಪ್ಪನಿಗೆ ಹೇಳಿಲ್ಲ.

ಪಾರ್ಕಿನ್ಸನ್ ರೋಗ ಹಿಡಿದ ಅಪ್ಪಯ್ಯನ ಕೈಯನ್ನು ನೀನು ನೋಡಿದ್ದು ಕೊನೆಗಾಲದಲ್ಲಿ. ಅದು ನಡುಗುತ್ತಿದ್ದುದು ಜಗಲಿಯಲ್ಲಿ ಸುಮ್ಮನೆ ಕುಳಿತಾಗ. ತೊಡೆಯ ಮೇಲಿಟ್ಟ ಬಲಗೈಯ ಹೆಬ್ಬೆರಳು ತೋರುಬೆರಳುಗಳು ಹೊಗೆಸೊಪ್ಪು ಹೊಸೆಯುವಂತೆ ಆಡುತ್ತಿದ್ದವು. ಲೋಟಕ್ಕೆ ಕೈ ಚಾಚಿದರೆ ನಡುಕ ನಿಲ್ಲುತ್ತಿತ್ತು. ನಿನ್ನ ಕೈ ನಡುಗಿದ್ದು ಕೆಲಸದ ನಡುವೆ, ಅದೂ ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ. ಇದು ಬೇರೆ, ಅದು ಬೇರೆ ಎಂದೇ ನನಗೆ ಅನಿಸುತ್ತದೆ. ಆದರೆ ನಾನು ವೈದ್ಯನಲ್ಲ. ಒಮ್ಮೆ ನರರೋಗ ತಜ್ಞರನ್ನು ಕಂಡು ಬಾ.

ಕಾಣುವುದನ್ನು ತಡಮಾಡಿದವನು ನಾನು. ಶಾಲೆಯಲ್ಲಿ ಮಕ್ಕಳ ಕಾಪಿಪುಸ್ತಕ ತಿದ್ದುತ್ತಿದ್ದವನಿಗೆ ಮನೆಯ ಅಡಿಕೆ ಲೆಕ್ಕದ ಪುಸ್ತಕ ಅರ್ಥವಾಗಲಿಲ್ಲ. ಸಾಲಿನ ಮೊದಲಿಗೆ ದುಂಡಗಿದ್ದ ಅಪ್ಪಯ್ಯನ ಅಕ್ಷರ ಅಂಚಿಗೆ ಬರುವಾಗ ಇರುವೆಯಷ್ಟಾಗುತ್ತಿತ್ತು. ‘ಯಾರಿಗೆ ಓದಲಾಗುತ್ತದೆ ಇದು?’ ಎಂದು ಗದರಿದೆ. ಅವರು ಪುಸ್ತಕ ಮುಚ್ಚಿಟ್ಟರು. ಅಕ್ಷರ ಹೀಗೆ ಕುಗ್ಗುವುದೂ ಈ ರೋಗದ ಗುರುತೆಂದು ನನಗೆ ಆಗ ಗೊತ್ತಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದದ್ದು ಎರಡು ವರ್ಷದ ನಂತರ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ನಡುಮಿದುಳಿನ ಆ ಕಪ್ಪು ಭಾಗದಲ್ಲಿ ಕೈಕಾಲಿನ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಅರ್ಧದಷ್ಟು ಸತ್ತಿರುತ್ತವೆ ಎಂದು ನೀನು ವಿವರಿಸಿದ ದಿನ ನನಗೆ ಊಟ ಸೇರಲಿಲ್ಲ.

ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಶುರುವಾದ ಮೇಲೆ ಅವರು ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಅಮೆರಿಕದಲ್ಲಿ 1967ರಲ್ಲೇ ಅದರಿಂದ ರೋಗಿಗಳು ಚೇತರಿಸಿಕೊಂಡಿದ್ದರಂತೆ. ಅದೇ ವಸ್ತು ನಸುಗುನ್ನಿ ಬೀಜದಲ್ಲಿದೆ ಎಂದು 1937ರಲ್ಲೇ ನಮ್ಮ ದೇಶದವರು ಬೇರ್ಪಡಿಸಿ ತೋರಿಸಿದ್ದರು. ನಮ್ಮ ತೋಟದ ಬೇಲಿಯ ತುಂಬ ಆ ಬಳ್ಳಿಯೇ ಇತ್ತು. ಮಾತ್ರೆಯಿಂದ ಕೋಶಗಳು ಉಳಿಯುತ್ತಿರಲಿಲ್ಲ, ಗೊತ್ತು. ಆದರೆ ಮೊದಲೇ ಕರೆದೊಯ್ದಿದ್ದರೆ ಆ ಎರಡು ವರ್ಷವೂ ಗುಂಡಿ ಹಾಕಿಕೊಳ್ಳುತ್ತಿದ್ದರು.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ರೋಗಿಗಳ ಚರ್ಮದಿಂದ ಬೆಳೆಸಿದ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ದಿನವಿಡೀ ನೋಡುವವಳಿಗೆ, ಅವು ಒಂದೊಂದಾಗಿ ಸಾಯುವಾಗ, ತನ್ನದೇ ತಲೆಯೊಳಗನ್ನು ನೋಡಿದಂತೆ ಆಗದಿರುತ್ತದೆಯೇ? ಬಹುಪಾಲು ಜನರಿಗೆ ಇದು ವಂಶದಿಂದ ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ. ನಿನ್ನ ರಕ್ತವನ್ನು ನೀನೇ ತೆಗೆದು ಜೀನ್ ನೋಡಿಕೊಳ್ಳುವ ಯೋಚನೆ ಮಾತ್ರ ಬೇಡ ಮಗು. ಈ ರೋಗಕ್ಕೆ ನಂಟಿರುವ ಎಲ್‌ಆರ್‌ಆರ್‌ಕೆ2 ಎಂಬ ಜೀನ್‌ನಲ್ಲಿ ದೋಷವಿದ್ದವರಿಗೆಲ್ಲ ರೋಗ ಬಂದೇ ಬರುತ್ತದೆ ಎಂದಿಲ್ಲವಲ್ಲ. ವೈದ್ಯರು ಬೇಕೆಂದರೆ ಅವರ ಮುಂದೆಯೇ ಆಗಲಿ. ರಾತ್ರಿಯ ಕಾಫಿ ಬಿಡು ಎನ್ನಲೇ? ಪ್ರಯೋಗಾಲಯದ ಕಷ್ಟ ನನಗೇನು ಗೊತ್ತು, ಆದರೂ ಬಿಡು.

ನಿನ್ನ ಪತ್ರದ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಪಕ್ಕದಲ್ಲಿಟ್ಟು ಅಕ್ಷರಗಳಿಗೆ ಅಳತೆಪಟ್ಟಿ ಹಿಡಿದೆ. ಒಂದೇ ಗಾತ್ರ. ಕ್ಷಮಿಸು, ಅಳೆಯದೆ ಇರಲಾಗಲಿಲ್ಲ. ಡಾಕ್ಟರರನ್ನು ಕಂಡ ದಿನ ಸಂಜೆಯೇ ಫೋನ್ ಮಾಡು. ಆಮೇಲೆ ಪತ್ರವನ್ನೂ ಬರೆ, ಕೈಯಲ್ಲೇ.

ಇತಿ,
ನಿನ್ನ ದೊಡ್ಡಪ್ಪ