ಹೊಲದಲ್ಲಿ ಹಾಕಿದ ಕಾಟಾ

ಡರ್ಹಮ್, ಇಂಗ್ಲೆಂಡ್
24 ನವೆಂಬರ್ 2024

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ದಾವಣಗೆರೆಯ ಮಂಡಿಯಲ್ಲಿ ಯಾರೋ ಕೇಳಿದ್ದಕ್ಕೆ "ಮಗಳು ನಕ್ಷತ್ರ ನೋಡುತ್ತಾಳೆ" ಎಂದಿರಂತೆ. ಮರುದಿನ ಅವರು ಹುಡುಗನ ಜಾತಕ ಹಿಡಿದು ಬಂದರೆಂದು ಅವ್ವ ನಕ್ಕಳು. ನನ್ನ ಸಂಶೋಧನೆಯನ್ನು ಫೋನಿನಲ್ಲಿ ವಿವರಿಸಲು ಹೋದರೆ "ಗುರುತ್ವಾಕರ್ಷಣೆಯನ್ನು ತಿದ್ದಲು ನೀನು ಯಾರು?" ಎಂದು ಗದರಿದಿರಿ. ಅದಕ್ಕೇ ಈ ಕಾಗದ.

ನೀವು ಲೆಕ್ಕ ಬರೆಯುವವರು, ನಕ್ಷತ್ರಗಳ ಹಿಂಡುಗಳಾದ ಗೆಲಾಕ್ಸಿಗಳು ಹುಟ್ಟಿದ ಬಗೆಯನ್ನು ಲೆಕ್ಕದಲ್ಲೇ ಹೇಳುತ್ತೇನೆ. ವಿಶ್ವಕ್ಕೆ 3,80,000 ವರ್ಷವಾಗಿದ್ದಾಗ ಹೊರಟ ಬೆಳಕು ಇಂದಿಗೂ ಸಿಗುತ್ತದೆ. ಅದರಲ್ಲಿ ಒಂದೆಡೆಗೂ ಇನ್ನೊಂದೆಡೆಗೂ ಇರುವ ಏರುಪೇರು ಲಕ್ಷಕ್ಕೆ ಸುಮಾರು ಒಂದು ಪಾಲು. ಅಂದು ದ್ರವ್ಯ ಎಲ್ಲಿ ದಟ್ಟ, ಎಲ್ಲಿ ತೆಳು ಎಂಬುದರ ಗುರುತು ಅದು. ಅದೇ ಅಸಲು. ತುಸು ದಟ್ಟವಿದ್ದಲ್ಲಿ ಸೆಳೆತ ಹೆಚ್ಚು, ಸೆಳೆದಷ್ಟೂ ಇನ್ನೂ ದಟ್ಟ. ಬಡ್ಡಿ ಅಸಲಿಗೆ ಸೇರಿದ ಹಾಗೆ. ಆದರೆ ವಿಶ್ವ ಹಿಗ್ಗುತ್ತಿರುವುದರಿಂದ ಬಡ್ಡಿ ಮಂದ. ಅಂದಿನಿಂದ ಅದು ಹಿಗ್ಗಿದ್ದು ಸುಮಾರು 1,100 ಪಟ್ಟು. ಏರುಪೇರು ಬೆಳೆಯುವುದೂ ಹೆಚ್ಚೆಂದರೆ ಅಷ್ಟೇ ಪಟ್ಟು. ಲಕ್ಷಕ್ಕೆ ಒಂದಿದ್ದದ್ದು ನೂರಕ್ಕೆ ಒಂದಾಯಿತು, ಅಷ್ಟರಲ್ಲಿ ಗೆಲಾಕ್ಸಿ ಹುಟ್ಟುವುದಿಲ್ಲ. ಲೆಕ್ಕ ತಾಳೆಯಾಗಲಿಲ್ಲ ಎನ್ನುತ್ತೀರಿ. ಸರಿ. ಬೆಳಕಿನ ಹಂಗಿಲ್ಲದ, ಕಣ್ಣಿಗೆ ಕಾಣದ ಕಪ್ಪುದ್ರವ್ಯ (ಡಾರ್ಕ್ ಮ್ಯಾಟರ್) ಆ ಬೆಳಕು ಹೊರಡುವ ಮೊದಲೇ ಗಂಟು ಕಟ್ಟತೊಡಗಿತ್ತು. ಖಾತೆಗೆ ಹತ್ತದ ಅಸಲು ಅದು.

1998ರಲ್ಲಿ ಇನ್ನೊಂದು ತೊಡಕು ಬಂತು: ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ. ಕಾಣದ ಶಕ್ತಿಯೊಂದು ದೂಡುತ್ತಿದೆ ಎಂಬುದು ಹಲವರ ಮಾತು. ಐನ್‌ಸ್ಟೈನರ 1915ರ ನಿಯಮವೇ ಬಹಳ ದೂರಕ್ಕೆ ಬೇರೆಯಾಗಿರಬಹುದೇ ಎಂಬುದು ಕೆಲವರ ಅನುಮಾನ. ನಾನು ತಿದ್ದುವವಳಲ್ಲ, ತಿದ್ದಿದವರ ಲೆಕ್ಕ ಪರೀಕ್ಷಿಸುವವಳು.

ಇಂಥ ಒಂದು ಸಿದ್ಧಾಂತದಲ್ಲಿ ಸೆಳೆತ ಮೂರನೇ ಒಂದು ಪಾಲಿನವರೆಗೆ ಹೆಚ್ಚುತ್ತದೆ. ಹಾಗಾದರೆ ಗ್ರಹಗಳ ಚಲನೆಯಲ್ಲೇ ಸಿಕ್ಕಿಬೀಳಬೇಕಿತ್ತು. ಬೀಳುವುದಿಲ್ಲ, ಏಕೆಂದರೆ ದ್ರವ್ಯ ದಟ್ಟವಾಗಿರುವ ಕಡೆ ಆ ಹೆಚ್ಚುವರಿ ಸೆಳೆತ ಅಡಗಿಕೊಳ್ಳುತ್ತದೆ. ಖೌರಿ ಮತ್ತು ವೆಲ್ಟ್‌ಮನ್ ಎಂಬ ಭೌತವಿಜ್ಞಾನಿಗಳು 2004ರಲ್ಲಿ ಇದಕ್ಕೆ ಇಟ್ಟ ಹೆಸರು ಗೋಸುಂಬೆ!

ಆನಗೋಡಿನ ಹೊಲದಲ್ಲಿ ಚಿಕ್ಕಪ್ಪನ ಮೆಕ್ಕೆಜೋಳ ಕೊಂಡ ವ್ಯಾಪಾರಿ ನೆನಪಿದ್ದಾನೆಯೇ? ಮಂಡಿಯಲ್ಲಿ ನಾಲ್ಕು ಜನರೆದುರು ಅವನ ಕಾಟಾ ಸರಿ, ಹೊಲದಲ್ಲಿ ಮಾತ್ರ ಕಡಿಮೆ. ನೀವು 10 ಕಿಲೋ ಕಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಲಕ್ಕೇ ಹೋದಿರಿ. ನನ್ನ ಕೆಲಸವೂ ಅಷ್ಟೇ. ಗೆಲಾಕ್ಸಿಗಳ ಸಂತೆಯಲ್ಲಿ ಹುಡುಕಿ ಫಲವಿಲ್ಲ. ಅವುಗಳ ನಡುವೆ ಕೋಟ್ಯಂತರ ಜ್ಯೋತಿರ್ವರ್ಷ ಅಗಲದ ಬಯಲುಗಳಿವೆ, ಅಲ್ಲಿ ಅಡಗಲು ಜಾಗವಿಲ್ಲ. ಸೆಳೆತ ಹೆಚ್ಚಿದ್ದರೆ ಬಯಲಿನ ದ್ರವ್ಯ ಬೇಗ ಅಂಚಿಗೆ ಸರಿದು, ಬಯಲು ಇನ್ನೂ ಬರಿದಾಗಬೇಕು. ಕಂಪ್ಯೂಟರಿನಲ್ಲಿ ಒಂದೇ ಬಗೆಯ ವಿಶ್ವವನ್ನು ಎರಡು ಸಲ ಬಿತ್ತುತ್ತೇನೆ, ಒಮ್ಮೆ ಐನ್‌ಸ್ಟೈನರ ನಿಯಮಕ್ಕೆ, ಒಮ್ಮೆ ಗೋಸುಂಬೆಗೆ. ಬೆಳೆದ ಮೇಲೆ ಬಯಲುಗಳನ್ನು ಹೋಲಿಸುತ್ತೇನೆ.

ಕಳೆದ ಮಂಗಳವಾರ ಅಮೆರಿಕದ ಅರಿಜೋನಾದ ದೂರದರ್ಶಕದಿಂದ ಹೊಸ ಫಲಿತಾಂಶ ಬಂತು. 5,000 ಪುಟ್ಟ ರೋಬೋಟುಗಳು ಬೆಳಕು ಹಿಡಿಯುವ ಗಾಜಿನ ಎಳೆಗಳನ್ನು ಒಂದೊಂದು ಗೆಲಾಕ್ಸಿಗೆ ಗುರಿಯಿಡುವ ಡೆಸಿ ಎಂಬ ಉಪಕರಣ ಅಲ್ಲಿದೆ. ಸುಮಾರು 60 ಲಕ್ಷ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ (ಬಹು ದೂರದ ಗೆಲಾಕ್ಸಿಗಳ ಉಜ್ವಲ ನಡುಭಾಗಗಳ) ಲೆಕ್ಕ ಐನ್‌ಸ್ಟೈನರ ನಿಯಮಕ್ಕೇ ಹೊಂದಿದೆ. ನಿಮಗೆ ಸಮಾಧಾನವಾದೀತು. ನನಗೆ ಅರ್ಧ ಮಾತ್ರ: ಚೆನ್ನಾಗಿ ಅಡಗಬಲ್ಲ ದುರ್ಬಲ ಗೋಸುಂಬೆಗಳು ಇನ್ನೂ ಉಳಿದಿವೆ.

ಈ ಸಲ ಮಂಡಕ್ಕಿಯನ್ನು ಎರಡು ಚೀಲ ಹಾಕಿ ಕಟ್ಟಲು ಅವ್ವನಿಗೆ ಹೇಳಿ, ಹೋದ ಸಲ ಮೆತ್ತಗಾಗಿತ್ತು. ಜಾತಕವನ್ನು ಮಾತ್ರ ಹಿಂದಿರುಗಿಸಿಬಿಡಿ.

ನಿಮ್ಮ ಮಗಳು